ಉಪವಾಸವೋ, ಒಪ್ಪತ್ತೋ, ಮಾಲೆಯೋ, ಮೌನವೋ: ಯಾವ ಸಂಯಮ ಯಾರಿಗೆ?

ಶ್ರಾವಣ ಹತ್ತಿರವಾದಾಗ ಒಬ್ಬರು ಕೇಳುತ್ತಾರೆ, "ಏಕಾದಶಿ ಶುರು ಮಾಡಲಾ, ಶನಿವಾರ ಒಪ್ಪತ್ತು ಸಾಕಾ?" ಕಾರ್ತಿಕದಲ್ಲಿ ಇನ್ನೊಬ್ಬರು, "ನಮ್ಮ ಯಜಮಾನರು ಮಾಲೆ ಹಾಕಿದರೆ ಕುಡಿತ ಬಿಡ್ತಾರಾ?" ಶಿವರಾತ್ರಿಗೆ ಮೊದಲು, "ಅಮ್ಮನಿಗೆ ಶುಗರ್ ಇದೆ, ಉಪವಾಸ ಬೇಡ ಅಂದರೆ ಕೇಳಲ್ಲ, ಏನು ಮಾಡಲಿ?" ಕಾಲೇಜಿಗೆ ಹೋಗುವ ಹುಡುಗರದ್ದು ಬೇರೆಯೇ ಪ್ರಶ್ನೆ, "ಊಟ ಬಿಡೋದಕ್ಕಿಂತ ಫೋನ್ ಬಿಡೋದು ಒಳ್ಳೇದಲ್ವಾ?"

ಎಲ್ಲವೂ ಸಂಯಮದ ಪ್ರಶ್ನೆಗಳೇ. ಎಲ್ಲರಿಗೂ ಹೊಂದುವ ಉತ್ತರ ಮಾತ್ರ ಒಂದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಕಠಿಣವಾದ ವ್ರತ ಎಂದು ನೋಡಿ ಆರಿಸಬೇಡಿ. ನಿಮ್ಮಲ್ಲಿ ಹಿಡಿತ ತಪ್ಪಿರುವುದು ಯಾವುದು ಎಂದು ನೋಡಿ ಆರಿಸಿ. ಬಾಯಿಚಪಲ ಇರುವವರು ಒಂದು ದಿನ ನೀರೂ ಮುಟ್ಟದೆ ಇದ್ದು, ಮರುದಿನದಿಂದ ಮತ್ತೆ ಕರಿದ ತಿಂಡಿಗೆ ಕೈ ಹಾಕಿದರೆ ಆ ಚಪಲ ಹಾಗೆಯೇ ಉಳಿಯಿತು. ಅವರಿಗೆ ತಿಂಗಳು ಪೂರ್ತಿ ಒಂದೇ ಪದಾರ್ಥ ಬಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಸಿಟ್ಟಿನಲ್ಲಿ ಮಾತು ಆಡಿ ನೊಂದುಕೊಳ್ಳುವವರಿಗೆ ಉಪವಾಸ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಹಸಿದಾಗ ಸಿಟ್ಟು ಜಾಸ್ತಿಯೇ ಆಗುತ್ತದೆ.

ಆರಿಸುವ ಮುನ್ನ

ಮೊದಲು ನೋಡಬೇಕಾದದ್ದು ಬಿಡುವ ರೀತಿ. ನಮ್ಮ ಸುತ್ತಲಿನ ಆಚರಣೆಗಳಲ್ಲಿ ನಾಲ್ಕು ರೀತಿ ಕಾಣುತ್ತವೆ. ಏಕಾದಶಿಯಲ್ಲಿ ಆಹಾರ ಪೂರ್ತಿ ನಿಲ್ಲುತ್ತದೆ. ಒಪ್ಪತ್ತಿನಲ್ಲಿ ಎಷ್ಟು ಸಲ ಊಟ ಎನ್ನುವುದು ಕಡಿಮೆಯಾಗುತ್ತದೆ. ಚಾತುರ್ಮಾಸ್ಯದಲ್ಲಿ ಪದಾರ್ಥ ಬಿಡುತ್ತಾರೆ, ಊಟ ಬಿಡುವುದಿಲ್ಲ. ರೋಜಾದಲ್ಲಿ ಮತ್ತು ಜೈನರ ಸಂಜೆಯ ಊಟದಲ್ಲಿ ಗಡಿ ಇರುವುದು ಹೊತ್ತಿಗೆ. ಕ್ಯಾಥೋಲಿಕ್ ಕ್ರೈಸ್ತರು ಇದನ್ನು ಬಹಳ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಅವರ ನಿಯಮದಲ್ಲಿ ಉಪವಾಸ ಎಂದರೆ ದಿನಕ್ಕೆ ಒಂದು ಪೂರ್ತಿ ಊಟ, ಜೊತೆಗೆ ಬೇಕಿದ್ದರೆ ಎರಡು ಸಣ್ಣ ಊಟ. ಅದು 18ರಿಂದ 59 ವರ್ಷದವರಿಗೆ, ವಿಭೂತಿ ಬುಧವಾರ (ಆಶ್ ವೆಡ್ನೆಸ್‌ಡೇ) ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಮಾತ್ರ. ಮಾಂಸ ಬಿಡುವುದು ಬೇರೆಯೇ ನಿಯಮ. ಅದು 14 ದಾಟಿದವರಿಗೆ, ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ 40 ದಿನದ ಶುಕ್ರವಾರಗಳಿಗೂ ಸೇರುತ್ತದೆ. ಪ್ರಮಾಣ ಕಡಿಮೆ ಮಾಡುವುದು ಒಂದು, ಪದಾರ್ಥ ಬಿಡುವುದು ಇನ್ನೊಂದು. ಯಾವ ಧರ್ಮದವರಾದರೂ ಈ ವ್ಯತ್ಯಾಸ ಗೊತ್ತಿದ್ದರೆ ಆಯ್ಕೆ ಸುಲಭವಾಗುತ್ತದೆ.

ಎರಡನೆಯದು ಅವಧಿ. ಜೈನ ಶ್ರಾವಕರ, ಅಂದರೆ ಗೃಹಸ್ಥರ ಆಚಾರದಲ್ಲಿ ಇಷ್ಟು ಕಾಲ ಎಂದು ಗೊತ್ತುಮಾಡಿ ಹಿಡಿಯುವುದಕ್ಕೆ ನಿಯಮ ಎನ್ನುತ್ತಾರೆ, ಬದುಕಿರುವವರೆಗೂ ಹಿಡಿಯುವುದಕ್ಕೆ ಯಮ ಎನ್ನುತ್ತಾರೆ. ಮುನಿಗಳಿಗೆ ಮಹಾವ್ರತ, ಸಂಸಾರಸ್ಥರಿಗೆ ಅಣುವ್ರತ. ಬ್ರಹ್ಮಚರ್ಯವನ್ನೇ ತೆಗೆದುಕೊಳ್ಳಿ. ಮುನಿಗೆ ಅದು ಪೂರ್ತಿ ತ್ಯಾಗ. ಗೃಹಸ್ಥನಿಗೆ ತನ್ನ ಸಂಗಾತಿಗೆ ನಿಷ್ಠನಾಗಿರುವುದು. ಬದುಕಿನ ಅಳತೆಗೆ ತಕ್ಕಂತೆ ವ್ರತದ ಅಳತೆ ಇಟ್ಟ ಈ ಯೋಚನೆ ನನಗೆ ಬಹಳ ಇಷ್ಟ. ಮೊದಲ ಸಲ ಶುರು ಮಾಡುವವರು ನಿಯಮದಿಂದಲೇ ಶುರು ಮಾಡಲಿ. ಒಂದು ತಿಂಗಳು, 41 ದಿನದ ಒಂದು ಮಂಡಲ ಎಂದು ಕೊನೆ ಗೊತ್ತಿರಲಿ. "ಇನ್ನು ಜೀವಮಾನದಲ್ಲಿ ಮುಟ್ಟಲ್ಲ" ಎಂಬ ಮಾತು ಚಟದ ವಿಷಯದಲ್ಲಿ ಬಿಟ್ಟರೆ ಬೇರೆ ಕಡೆ ಅವಸರದ್ದು.

ಮೂರನೆಯದು ದೇಹ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬರೀ ಮೆಟ್‌ಫಾರ್ಮಿನ್ ಇದ್ದರೆ ಆ ಅಪಾಯ ಕಡಿಮೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದವರು, ಕಿಡ್ನಿಯಲ್ಲಿ ಕಲ್ಲು ಆದವರು, ಬಸುರಿಯರು, ಹಾಲುಣಿಸುವ ತಾಯಂದಿರು ನೀರಿಲ್ಲದ ಉಪವಾಸಕ್ಕೆ ಹೋಗಬಾರದು. ಹಿಂದೆ ಎಂದಾದರೂ ದಪ್ಪಗಾಗುವ ಭಯದಲ್ಲಿ ಊಟ ಬಿಟ್ಟು ಕಾಯಿಲೆ ಬಿದ್ದವರು ಆಹಾರದ ವ್ರತವನ್ನೇ ಬಿಟ್ಟು ಬೇರೆ ಸಂಯಮ ಹುಡುಕಲಿ.

ನಾಲ್ಕನೆಯದು ಅಡುಗೆಮನೆ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನಗೆ ಇದೇ ಮುಖ್ಯ. ನಿಮ್ಮ ವ್ರತಕ್ಕೆ ಬೆಳಗ್ಗೆ ನಾಲ್ಕಕ್ಕೆ ಏಳುವವರು ಯಾರು? ಬೇರೆ ಪಾತ್ರೆ, ಬೇರೆ ಅಡುಗೆ ಮಾಡುವವರು ಯಾರು? ಎಷ್ಟೋ ಮನೆಗಳಲ್ಲಿ ತಾನೂ ಉಪವಾಸವಿದ್ದು, ಮಕ್ಕಳಿಗೆ ಅನ್ನ ಸಾರು ಮಾಡಿ, ಗಂಡನ ಫಲಾರಕ್ಕೆ ಉಪ್ಪಿಟ್ಟು ಕೆದಕುವುದು ಒಬ್ಬಳೇ ಹೆಂಗಸು. ಒಲೆಯ ಮುಂದೆ ನಿಂತು ಮಾಡುವ ಉಪವಾಸ ದೇವರ ಮುಂದೆ ಕೂತು ಮಾಡುವ ಉಪವಾಸಕ್ಕಿಂತ ಎಷ್ಟೋ ಕಷ್ಟ. ಸಂಕಲ್ಪ ಮಾಡುವ ಮೊದಲು ಅವರನ್ನು ಕೇಳಿ.

ಕೊನೆಯದು, ತಪ್ಪಿದರೆ ಏನು ಎಂಬುದು. ಒಳ್ಳೆಯ ಕಟ್ಟುಪಾಡಿನಲ್ಲಿ ಇದಕ್ಕೆ ದಾರಿ ಇರುತ್ತದೆ. ಖರ್ಚಿನ ವಿಷಯ ಆಯಾ ಕಡೆ ಹೇಳುತ್ತೇನೆ. ಮಾಲೆಯೊಂದನ್ನು ಬಿಟ್ಟರೆ ಉಳಿದವಕ್ಕೆ ದುಡ್ಡು ದೊಡ್ಡ ವಿಷಯವಲ್ಲ.

ಏಕಾದಶಿ

ತಿಂಗಳಿಗೆ ಎರಡು, ವರ್ಷಕ್ಕೆ 24. ಅಧಿಕ ಮಾಸ ಬಂದ ವರ್ಷ 26. ಮಾಧ್ವ ಮನೆಗಳಲ್ಲಿ ಇದನ್ನು ಮೂರು ದಿನದ ವ್ರತವಾಗಿ ಮಾಡುತ್ತಾರೆ. ದಶಮಿ ದಿನ ಒಂದೇ ಊಟ, ಏಕಾದಶಿ ದಿನ ನೀರೂ ಇಲ್ಲ, ದ್ವಾದಶಿ ಬೆಳಗ್ಗೆ ತಿಥಿ ಮುಗಿಯುವುದರೊಳಗೆ ಪಾರಣೆ, ಅಂದರೆ ಉಪವಾಸ ಮುಗಿಸುವ ಊಟ. ದಶಮಿ ಮಧ್ಯಾಹ್ನ ಒಂದಕ್ಕೆ ಉಂಡು ದ್ವಾದಶಿ ಬೆಳಗ್ಗೆ ಆರಕ್ಕೆ ಪಾರಣೆ ಮಾಡಿದರೆ ಸುಮಾರು 40 ಗಂಟೆಯ ನಿರಾಹಾರ. ಇದನ್ನು ಲೆಕ್ಕ ಹಾಕದೆ "ಒಂದು ದಿನ ತಾನೇ" ಎಂದು ಇಳಿಯುವವರೇ ಹೆಚ್ಚು. ಎಂಟು ವರ್ಷ ದಾಟಿದವರಿಂದ ಎಂಬತ್ತರವರೆಗೂ ಎಂಬ ಮಾತು ಸಂಪ್ರದಾಯದಲ್ಲಿ ಇದೆ. ಮಕ್ಕಳ ವಿಷಯದಲ್ಲಿ ನನ್ನ ಸಲಹೆ ಬೇರೆ. ಬೆಳೆಯುವ ಮಗುವನ್ನು ನೀರಿಲ್ಲದೆ ಇಡಬೇಡಿ.

ಇದರ ಬಲ ಏನೆಂದರೆ ಸರಳತೆ. ಏನು ತಿನ್ನಬಹುದು, ಏನು ತಿನ್ನಬಾರದು ಎಂಬ ಚರ್ಚೆಯೇ ಇಲ್ಲ. ಖರ್ಚಿಲ್ಲ, ಮನೆಯವರೆಲ್ಲ ಮಾಡಿದರೆ ಅಡುಗೆ ಕೆಲಸವೂ ಇಲ್ಲ. ಅಡುಗೆಮನೆಗೇ ರಜೆ ಸಿಗುವ ವ್ರತ ಇದೊಂದೇ. ತಿನ್ನಲು ಒಂದು ಸಲ ಶುರು ಮಾಡಿದರೆ ನಿಲ್ಲಿಸಲು ಬಾರದವರಿಗೆ ಇದು ಒಪ್ಪತ್ತಿಗಿಂತ ಸುಲಭ ಅನಿಸುವುದೂ ಉಂಟು.

ಕಷ್ಟ ಎಲ್ಲಿ? ಸಂಜೆಯ ತಲೆನೋವಿನಲ್ಲಿ. ಎಷ್ಟೋ ಜನ ಅದನ್ನು ಹಸಿವಿನ ತಲೆನೋವು ಎಂದುಕೊಳ್ಳುತ್ತಾರೆ. ಅದರಲ್ಲಿ ದೊಡ್ಡ ಪಾಲು ಕಾಫಿಯದ್ದು. ದಿನವೂ ಕಾಫಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆ ಹಿಡಿಯುತ್ತದೆ. ಏಕಾದಶಿಗೆ ನಾಲ್ಕೈದು ದಿನ ಮುಂಚಿನಿಂದ ಲೋಟ ಸಣ್ಣದು ಮಾಡುತ್ತಾ ಬಂದರೆ ಆ ದಿನ ಬಹಳ ಹಗುರ. ಬಿಸಿಲಲ್ಲಿ ದುಡಿಯುವವರು, ದೂರ ಗಾಡಿ ಓಡಿಸುವವರು ನಿರ್ಜಲ ಮಾಡಬೇಡಿ. ಹಾಲು ಹಣ್ಣಿನ ಏಕಾದಶಿಯೂ ಎಷ್ಟೋ ಮನೆಗಳಲ್ಲಿದೆ.

ಒಂದು ಎಚ್ಚರಿಕೆ ಸಬ್ಬಕ್ಕಿಗೆ. ಉಪವಾಸದ ತಿಂಡಿ ಎಂದು ತಟ್ಟೆ ತುಂಬಾ ಸಬ್ಬಕ್ಕಿ ಕಿಚಡಿ ತಿನ್ನುವವರು ಇದನ್ನು ತಿಳಿದಿರಲಿ. 100 ಗ್ರಾಂ ಒಣ ಸಬ್ಬಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ಬಹುಪಾಲು ಪಿಷ್ಟ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಅನ್ನ ಬಿಟ್ಟು ಸಬ್ಬಕ್ಕಿ ತಿಂದರೆ ಶುಗರ್ ಇರುವವರಿಗೆ ಯಾವ ಲಾಭವೂ ಇಲ್ಲ.

ಒಪ್ಪತ್ತು ಮತ್ತು ಸಂಕಷ್ಟಿ

ಶನಿವಾರ ವೆಂಕಟೇಶನಿಗೆ, ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ ಒಪ್ಪತ್ತು ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಮಧ್ಯಾಹ್ನ ಊಟ, ರಾತ್ರಿ ಫಲಾರ. ಫಲಾರ ಎಂದರೆ ಹಣ್ಣಷ್ಟೇ ಎಂದು ಬೇರೆ ಊರಿನವರು ತಿಳಿಯಬಹುದು. ನಮ್ಮ ಕಡೆ ಅದು ಅವಲಕ್ಕಿ, ಉಪ್ಪಿಟ್ಟು, ದೋಸೆ, ಚಪಾತಿ. ಅನ್ನ ಇಲ್ಲ ಎನ್ನುವುದಷ್ಟೇ ನಿಯಮ.

ಆರೋಗ್ಯವಂತರಾಗಿ, ಕೆಲಸಕ್ಕೆ ಹೋಗುತ್ತಾ, ವರ್ಷಗಟ್ಟಲೆ ಮುಂದುವರಿಸಬಹುದಾದ ಒಂದನ್ನು ಹುಡುಕುತ್ತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ವಾರಕ್ಕೊಮ್ಮೆ ಬರುವುದರಿಂದ ರೂಢಿಯಾಗುತ್ತದೆ. ಒಂದು ವಾರ ತಪ್ಪಿದರೆ ಮುಂದಿನ ವಾರ ಇದ್ದೇ ಇದೆ. ಆದರೆ ಸುಲಭವಾದ್ದರಿಂದಲೇ ಇದು ಬೇಗ ಸಡಿಲವಾಗುತ್ತದೆ. ಅನ್ನದ ಬದಲು ನಾಲ್ಕು ಮಸಾಲೆ ದೋಸೆ ತಿಂದರೆ ನಿಯಮ ಉಳಿಯಿತು, ಸಂಯಮ ಹೋಯಿತು. ತೂಕ ಇಳಿಸಬೇಕು ಎನ್ನುವವರು ಫಲಾರಕ್ಕೂ ಒಂದು ಅಳತೆ ಇಟ್ಟುಕೊಳ್ಳಿ. ಹೆಸರುಬೇಳೆ ಕೋಸಂಬರಿ, ಒಂದು ಹಣ್ಣು, ಒಂದು ಲೋಟ ಮಜ್ಜಿಗೆ ಸಾಕು.

ಸಂಕಷ್ಟಿ ಇದರ ಅಕ್ಕನಂತೆ. ತಿಂಗಳಿಗೆ ಒಮ್ಮೆ, ಕೃಷ್ಣಪಕ್ಷದ ಚೌತಿಯಂದು, ಚಂದ್ರ ಕಾಣುವವರೆಗೆ ಊಟ ಇಲ್ಲ. ಚಂದ್ರೋದಯ ಸಾಮಾನ್ಯವಾಗಿ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ. ಬೇಗ ಮಲಗಿ ಬೆಳಗ್ಗೆ ಬೇಗ ಏಳುವವರಿಗೆ, ರಾತ್ರಿ ಎದೆಯುರಿ ಇರುವವರಿಗೆ ಆ ತಡ ಊಟ ಒಗ್ಗುವುದಿಲ್ಲ. ಮೋದಕ, ಪಾಯಸ ಎಂದು ಊಟವೂ ಭಾರ. ಅಂಥವರಿಗೆ ವಾರದ ಒಪ್ಪತ್ತೇ ವಾಸಿ.

ಪದಾರ್ಥ ಬಿಡುವುದು

ಚಾತುರ್ಮಾಸ್ಯವನ್ನು ಮಠದ ಸ್ವಾಮಿಗಳ ವ್ರತ ಎಂದಷ್ಟೇ ತಿಳಿದವರು ಅನೇಕರು. ಮಾಧ್ವ ಗೃಹಸ್ಥರೂ ಇದನ್ನು ಮಾಡುತ್ತಾರೆ. ಆಷಾಢದ ಶಯನೀ ಏಕಾದಶಿಯ ಹೊತ್ತಿಗೆ ಶುರುವಾಗಿ ಕಾರ್ತಿಕದ ಉತ್ಥಾನ ದ್ವಾದಶಿಯ ಹೊತ್ತಿಗೆ ಮುಗಿಯುತ್ತದೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ಮೊಸರಿಲ್ಲ. ಮೂರನೇ ತಿಂಗಳು ಹಾಲಿಲ್ಲ. ನಾಲ್ಕನೇ ತಿಂಗಳು ದ್ವಿದಳ, ಅಂದರೆ ಬೇಳೆಕಾಳು ಇಲ್ಲ. ಶಾಕವ್ರತದಲ್ಲಿ ಹುಣಸೆಹಣ್ಣು, ಮೆಣಸಿನಕಾಯಿಗೂ ರಜೆ. ಹುಳಿಗೆ ಒಣಗಿಸಿಟ್ಟ ಮಾವಿನಕಾಯಿ, ಖಾರಕ್ಕೆ ಕಾಳುಮೆಣಸು.

ನಾಲಿಗೆಯನ್ನು ತಿದ್ದಲು ಇದಕ್ಕಿಂತ ಚೆನ್ನಾದ ಕಟ್ಟುಪಾಡು ನನಗೆ ಗೊತ್ತಿಲ್ಲ. ಹೊಟ್ಟೆ ತುಂಬುತ್ತದೆ, ಆದರೆ ಬೇಕೆನಿಸಿದ್ದು ಸಿಗುವುದಿಲ್ಲ. ಮೊಸರಿಲ್ಲದೆ ಊಟ ಮುಗಿಯುವುದೇ ಇಲ್ಲ ಎನ್ನುವವರು ಭಾದ್ರಪದದಲ್ಲಿ ಒಂದು ತಿಂಗಳು ಮೊಸರು ಬಿಟ್ಟು ನೋಡಲಿ. ಯಾವುದು ಅಗತ್ಯ, ಯಾವುದು ಅಭ್ಯಾಸ ಎಂದು ತಾನಾಗಿ ತಿಳಿಯುತ್ತದೆ. ಹಸಿವಿನ ಅಪಾಯ ಇಲ್ಲದ್ದರಿಂದ ಶುಗರ್ ಇರುವವರಿಗೂ ಬಹುಪಾಲು ಹೊಂದುತ್ತದೆ. ಬೇಳೆಯೂ ಹೋದ ತಿಂಗಳಲ್ಲಿ ಪ್ರೋಟೀನ್‌ಗೆ ಹಾಲು ಮೊಸರನ್ನು ನೆಚ್ಚಬೇಕು, ಅಷ್ಟೆ.

ಹೊರೆ ಬೀಳುವುದು ಅಡುಗೆ ಮಾಡುವವರ ಮೇಲೆ. ನಾಲ್ಕು ತಿಂಗಳೂ ಪೂರ್ತಿ ಮಾಡಲು ಮನೆಯಲ್ಲಿ ಅದು ಗೊತ್ತಿರುವ ಹಿರಿಯರು ಬೇಕು. ಹೋಟೆಲು, ಹಾಸ್ಟೆಲ್ಲು, ಕ್ಯಾಂಟೀನಿನ ಊಟದವರಿಗೆ ಶಾಕವ್ರತ ಆಗದ ಮಾತು. ಅವರು ಒಂದೇ ಪದಾರ್ಥ, ಒಂದೇ ತಿಂಗಳು ಎಂದು ಹಿಡಿಯಬಹುದು. ಕ್ರೈಸ್ತ ಮನೆಗಳಲ್ಲಿ ತಪಸ್ಸು ಕಾಲದ 40 ದಿನ ಸಿಹಿ, ಮಾಂಸ, ಕಾಫಿ ಎಂದು ಒಂದನ್ನೇ ಆರಿಸಿ ಬಿಡುವ ಅಭ್ಯಾಸ ಇದೇ ತರಹದ್ದು. ಅದರಿಂದ ಉಳಿದ ದುಡ್ಡನ್ನು ದಾನಕ್ಕೆ ಎತ್ತಿಡುವುದು ಅಲ್ಲಿನ ಇನ್ನೊಂದು ಒಳ್ಳೆಯ ರೂಢಿ.

ಹೊತ್ತಿಗೆ ಗಡಿ

ಮುಸ್ಲಿಮರಿಗೆ ರಂಜಾನ್ ರೋಜಾ ಆಯ್ಕೆಯ ವಿಷಯವಲ್ಲ, ಕರ್ತವ್ಯ. 29 ಅಥವಾ 30 ದಿನ, ನಸುಕಿನಿಂದ ಸೂರ್ಯಾಸ್ತದವರೆಗೆ ನೀರೂ ಇಲ್ಲ. ನಮ್ಮ ಕರ್ನಾಟಕದಲ್ಲಿ ದಿನಕ್ಕೆ ಸುಮಾರು 13, 14 ಗಂಟೆ. ಇಲ್ಲಿ ಇದನ್ನು ತರುವುದಕ್ಕೆ ಕಾರಣ ಇದರ ಒಳಗೇ ಇರುವ ರಿಯಾಯಿತಿಗಳು. ಕಾಯಿಲೆಯವರು, ಪ್ರಯಾಣಿಕರು ಬಿಡಬಹುದು, ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬೇಕು. ಬಸುರಿಯರಿಗೆ, ಹಾಲುಣಿಸುವವರಿಗೆ ವಿನಾಯಿತಿ ಇದೆ. ವಾಸಿಯಾಗದ ಕಾಯಿಲೆ ಇದ್ದರೆ ಪ್ರತಿ ದಿನಕ್ಕೆ ಒಬ್ಬ ಬಡವನಿಗೆ ಊಟ ಕೊಡುವ ಫಿದ್ಯಾ ಇದೆ. ಅಷ್ಟು ಕಠಿಣ ವ್ರತದಲ್ಲೂ ದೇಹದ ಕಷ್ಟಕ್ಕೆ ಇಷ್ಟು ಜಾಗ ಇಟ್ಟಿದ್ದಾರೆ. ಆದರೂ ವಿನಾಯಿತಿ ಇದ್ದವರೇ ಅದನ್ನು ಬಳಸಲು ಹಿಂಜರಿಯುತ್ತಾರೆ, ಅದೇ ಬೇಸರ. ಶುಗರ್ ಇರುವವರು ರಂಜಾನಿಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಬೇಕು. ಹಗಲಲ್ಲಿ ಬೆರಳು ಚುಚ್ಚಿ ನೋಡಿದಾಗ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಇದ್ದರೆ ಅಲ್ಲಿಗೇ ರೋಜಾ ನಿಲ್ಲಿಸಬೇಕು ಎನ್ನುವುದು ವೈದ್ಯರ ಮಾತು. ಈ ಎರಡು ಅಂಕಿ ಏಕಾದಶಿಗೂ ಶಿವರಾತ್ರಿಗೂ ಅನ್ವಯಿಸುತ್ತವೆ.

ಇದೇ ಗುಂಪಿನಲ್ಲಿ ಹಗುರವಾದದ್ದು ಜೈನರ ರಾತ್ರಿ ಭೋಜನ ತ್ಯಾಗ. ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಕತ್ತಲಲ್ಲಿ ಸಣ್ಣ ಜೀವಿಗಳು ಆಹಾರಕ್ಕೆ ಬಿದ್ದು ಸಾಯಬಾರದು ಎನ್ನುವ ಅಹಿಂಸೆ ಇದರ ಬುಡ. ಜೈನರಲ್ಲದವರಿಗೂ ಇದು ಚೆನ್ನಾಗಿ ಹೊಂದುತ್ತದೆ. ರಾತ್ರಿ ಹತ್ತಕ್ಕೆ ಉಂಡು ಹನ್ನೊಂದಕ್ಕೆ ಮಲಗಿ ಎದೆಯುರಿ ಎನ್ನುವವರಿಗೆ ಡಾಕ್ಟರು ಹೇಳುವುದೂ ಇದನ್ನೇ, ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಲಿ ಎಂದು. ಬೆಂಗಳೂರಿನಲ್ಲಿ ಸೂರ್ಯಾಸ್ತ ವರ್ಷದಲ್ಲಿ ಸಂಜೆ ಐದು ಮುಕ್ಕಾಲರಿಂದ ಆರು ಮುಕ್ಕಾಲರ ಆಚೀಚೆ ಓಡಾಡುತ್ತದೆ. ಆಫೀಸಿನಿಂದ ಮನೆ ಸೇರುವುದೇ ಎಂಟಾದರೆ? ಎರಡನೇ ಡಬ್ಬಿ ಒಯ್ಯಬೇಕು. ಅದು ಆಗದವರು "ಎಂಟರ ಮೇಲೆ ಏನೂ ಇಲ್ಲ" ಎಂದು ತಮ್ಮದೇ ಗಡಿ ಹಾಕಿಕೊಳ್ಳಬಹುದು. ರಾತ್ರಿ ಎದ್ದು ಚಿಪ್ಸ್ ಪ್ಯಾಕೆಟ್ ಹುಡುಕುವ ಅಭ್ಯಾಸ ಇದ್ದವರಿಗೆ ನನ್ನ ಮೊದಲ ಆಯ್ಕೆ ಇದು. ಬೆಲೆ ತೆರಬೇಕಾದದ್ದು ಒಂದಿದೆ. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ರಾತ್ರಿ ಮಾತ್ರ ಎನ್ನುವ ಮನೆಯಲ್ಲಿ ಒಬ್ಬರು ಹೊರಗುಳಿಯುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಮಾಲೆ

ಅಯ್ಯಪ್ಪ ಮಾಲೆ ಪೂರ್ತಿ ಬದುಕನ್ನೇ 41 ದಿನ ಬೇರೆ ಮಾಡುತ್ತದೆ. ಮಾಂಸ, ಮದ್ಯ, ಸಿಗರೇಟು, ಸಂಸಾರ ಸುಖ ಎಲ್ಲವೂ ಬಂದ್. ನೆಲದ ಮೇಲೆ ಮಲಗುವುದು, ನಸುಕಿನಲ್ಲಿ ತಣ್ಣೀರು ಸ್ನಾನ, ಬರಿಗಾಲು, ಕಪ್ಪು ಬಟ್ಟೆ. ಊರೆಲ್ಲ "ಸ್ವಾಮಿ" ಎಂದು ಕರೆಯುತ್ತದೆ. ನವೆಂಬರ್ ಮಧ್ಯದಲ್ಲಿ ಮಂಡಲ ಕಾಲ ಶುರು, ಜನವರಿಯಲ್ಲಿ ಮಕರಜ್ಯೋತಿ.

ಬೇರೆ ಯಾವ ವ್ರತದಲ್ಲೂ ಇಲ್ಲದ ಎರಡು ಬಲ ಇದಕ್ಕಿದೆ. ಒಂದು, ನಿಮ್ಮ ಸಂಯಮ ಎಲ್ಲರ ಕಣ್ಣಿಗೆ ಕಾಣುತ್ತದೆ. ಕಪ್ಪು ಪಂಚೆ ಉಟ್ಟವನಿಗೆ ಯಾರೂ ಬಾರಿಗೆ ಬಾ ಎನ್ನುವುದಿಲ್ಲ. ಎರಡು, ಜೊತೆಗೆ ಗುಂಪಿದೆ, ಗುರುಸ್ವಾಮಿ ಇದ್ದಾರೆ, ಸಂಜೆ ಭಜನೆ ಇದೆ. ಒಬ್ಬನೇ ಬಿಡಲಾಗದ್ದನ್ನು ಹತ್ತು ಜನರ ನಡುವೆ ಬಿಡಬಹುದು. ಹಾಗಾಗಿ ಸಿಗರೇಟು ಬಿಡಬೇಕು ಎನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ಅವಕಾಶ. ನಿಕೋಟಿನ್ ಬಿಟ್ಟಾಗಿನ ಚಡಪಡಿಕೆ ಮೊದಲ ಎರಡು ಮೂರು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. 41 ದಿನ ಆ ಕಾಲವನ್ನು ಪೂರ್ತಿ ದಾಟಿಸುತ್ತದೆ.

ಇನ್ನು ಬೆಲೆ. ಬಟ್ಟೆ, ಇರುಮುಡಿ (ತಲೆಯ ಮೇಲೆ ಹೊತ್ತೊಯ್ಯುವ ಪೂಜೆಯ ಗಂಟು), ಶಬರಿಮಲೆ ಪ್ರಯಾಣ ಎಲ್ಲ ಸೇರಿ ಸಾವಿರಗಳ ಲೆಕ್ಕ. ಮನೆಯಲ್ಲಿ ಶುಚಿಯ ಕಟ್ಟುನಿಟ್ಟು ಹೆಂಡತಿಯ ಕೆಲಸವನ್ನು ಎರಡು ಪಟ್ಟು ಮಾಡುತ್ತದೆ. 41 ದಿನದ ಬ್ರಹ್ಮಚರ್ಯ ಇಬ್ಬರಿಗೂ ಸೇರಿದ ವಿಷಯ, ಒಬ್ಬರೇ ತೀರ್ಮಾನ ಮಾಡಬಾರದು. ಶುಗರ್ ಇದ್ದು ಕಾಲಿನ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ನಡೆಯುವುದು ಅಪಾಯ. ಗಾಯ ಆದದ್ದೇ ತಿಳಿಯುವುದಿಲ್ಲ. ಕೊಪ್ಪಳ ಜಿಲ್ಲೆಯ ಅಂಜನಾದ್ರಿಗೆ ಹನುಮಮಾಲೆ ಹಾಕುವವರಲ್ಲಿ ಕೆಲವೇ ದಿನಕ್ಕೆ ಹಾಕಿಕೊಳ್ಳುವವರೂ ಇದ್ದಾರೆ. ಬೆಂಗಳೂರು, ಕೋಲಾರದ ಕಡೆ ಹೆಂಗಸರು ಕೆಂಪು ಸೀರೆ ಉಟ್ಟು ಓಂಶಕ್ತಿ ಮಾಲೆ ಹಾಕುತ್ತಾರೆ. ರಜೆ, ದುಡ್ಡು ಎರಡೂ ಕಡಿಮೆ ಇದ್ದವರಿಗೆ ಇಂಥವು ದಾರಿ.

ಕುಡಿತ ಬಿಡುವ ಪ್ರಶ್ನೆ ಬೇರೆ

"ಮಾಲೆ ಹಾಕಿದರೆ ಕುಡಿತ ಬಿಡ್ತಾರಾ?" ಎಂದು ಕೇಳಿದವರಿಗೆ ನೇರವಾಗಿ ಹೇಳಬೇಕು. ವಾರಕ್ಕೊಮ್ಮೆ ಕುಡಿಯುವವರಿಗೆ ಮಾಲೆ ಸಾಕಾಗಬಹುದು. ದಿನವೂ ಕುಡಿಯುವವರಿಗೆ, ಬೆಳಗ್ಗೆ ಎದ್ದಾಗ ಕೈ ನಡುಗುವವರಿಗೆ ಮಾಲೆ ಹಾಕಿ ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ನಿಲ್ಲಿಸಿದ ಆರು ಗಂಟೆಯ ಮೇಲೆ ಬೆವರು, ನಡುಕ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವ, ಬಡಬಡಿಸುವ ಸ್ಥಿತಿ ಬರಬಹುದು. ಇದನ್ನು ದೇವರ ಪರೀಕ್ಷೆ ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಮೊದಲು ಆಸ್ಪತ್ರೆ, ಮಾತ್ರೆಯ ಸಹಾಯದಿಂದ ನಿಲ್ಲಿಸುವುದು, ಆಮೇಲೆ ಮಾಲೆ. ಈ ಕ್ರಮ ತಲೆಕೆಳಗಾಗಬಾರದು.

"ಪೂರ್ತಿ ಬಿಡೋದಾ, ಕಡಿಮೆ ಮಾಡೋದಾ?" ಇಲ್ಲಿಯೂ ಉತ್ತರ ಮನುಷ್ಯನನ್ನು ನೋಡಿ. ಚಟವಾಗಿಲ್ಲದವರು ಮಿತಿ ಹಾಕಿಕೊಂಡು ಇಳಿಸುತ್ತಾ ಬರಬಹುದು. ಆದರೆ ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಚಟವಾಗಿಬಿಟ್ಟವರಿಗೆ ಮಿತಿ ಬಹಳ ಸಲ ನಿಲ್ಲುವುದಿಲ್ಲ, ಪೂರ್ತಿ ಬಿಡುವುದೇ ಹೆಚ್ಚು ಭದ್ರ.

ದಾರಿಗಳು ಕೆಲವು ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ. ನಡುಕ, ಫಿಟ್ಸ್ ಹಿಂದೆ ಆದವರಿಗೆ ಇಂಥ ಜಾಗವೇ ಬೇಕು. ಹತ್ತಿರದ ಜಿಲ್ಲಾಸ್ಪತ್ರೆಯ ಮಾನಸಿಕ ರೋಗ ವಿಭಾಗದಿಂದಲೂ ಶುರು ಮಾಡಬಹುದು. ಹಳ್ಳಿಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಿವೆ. ಒಂದು ವಾರ ಅಲ್ಲೇ ಇರಬೇಕು. ಮುಗಿದ ಮೇಲೆ ನವಜೀವನ ಸಮಿತಿ ಎಂದು ಬಿಟ್ಟವರದ್ದೇ ಗುಂಪು ಇರುತ್ತದೆ. ಹೆಸರು ಹೊರಗೆ ಬರಬಾರದು ಎನ್ನುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಇದು ಇವತ್ತೊಂದು ದಿನ ಕುಡಿಯುವುದಿಲ್ಲ ಎಂಬ ಲೆಕ್ಕದ ಮೇಲೆ ನಡೆಯುತ್ತದೆ, ಶುಲ್ಕ ಇಲ್ಲ. ಎಲ್ಲಿಗೆ ಹೋಗುವುದೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ತಂಬಾಕಿಗೆ ಬೇರೆ ಸಂಖ್ಯೆ ಇದೆ, 1800-11-2356.

ಮೌನ, ಮತ್ತು ಫೋನು

ಗಾಂಧೀಜಿ ಸೋಮವಾರ ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಬಾಯಿ ಜೋರಿನಿಂದ ಸಂಬಂಧ ಕೆಡಿಸಿಕೊಂಡವರು, ದಿನವೆಲ್ಲ ಮಾತಾಡುವುದೇ ಕೆಲಸವಾದ ಮೇಷ್ಟ್ರುಗಳು, ಮಾರಾಟದವರು ವಾರಕ್ಕೆ ಅರ್ಧ ದಿನ ಇದನ್ನು ಮಾಡಿ ನೋಡಬಹುದು. ದೇಹಕ್ಕೆ ಅಪಾಯವಿಲ್ಲ, ಖರ್ಚಿಲ್ಲ. ಆದರೆ ಮನೆಯವರಿಗೆ ಮೊದಲೇ ಹೇಳಿ. ಜಗಳದ ಮರುದಿನ ಹಿಡಿದ ಮೌನ ಶಿಕ್ಷೆಯಂತೆ ಕಾಣುತ್ತದೆ.

ಗಟ್ಟಿಯಾದದ್ದು ಬೇಕು ಎನ್ನುವವರಿಗೆ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ. ಬೆಂಗಳೂರಿನ ಹೊರವಲಯದಲ್ಲಿ ಧಮ್ಮ ಪಫುಲ್ಲ ಕೇಂದ್ರ ಇದೆ. ಬೆಳಗ್ಗೆ ನಾಲ್ಕಕ್ಕೆ ಗಂಟೆ, ಫೋನು ಕೊಟ್ಟುಬಿಡಬೇಕು, ಮಾತಿಲ್ಲ, ಮಧ್ಯಾಹ್ನದ ಮೇಲೆ ಊಟ ಇಲ್ಲ. ಹೊಸಬರಿಗೆ ಸಂಜೆ ಹಣ್ಣು, ಟೀ ಸಿಗುತ್ತದೆ. ಶುಲ್ಕ ಇಲ್ಲ, ದಾನದಿಂದ ನಡೆಯುತ್ತದೆ. ಹೊಟ್ಟೆ, ನಾಲಿಗೆ, ಮಾತು, ಫೋನು ಎಲ್ಲವೂ ಒಟ್ಟಿಗೆ. ಆದರೆ ಹೋಗುವ ಬರುವ ದಿನ ಸೇರಿ ಹನ್ನೆರಡು ದಿನ ರಜೆ ಬೇಕು, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಡಾಕ್ಟರನ್ನು ಕೇಳದೆ ಹೋಗಬಾರದು.

ಫೋನ್ ಬಿಡುವುದು ಸಾಕಲ್ವಾ ಎಂದು ಕೇಳಿದ ಹುಡುಗರಿಗೆ: ಸಾಕು. ನಿಮ್ಮಲ್ಲಿ ಹಿಡಿತ ತಪ್ಪಿರುವುದು ಅದೇ ಆಗಿದ್ದರೆ ಅದೇ ಸರಿಯಾದ ವ್ರತ. ಜೈನರಂತೆ ಹೊತ್ತಿಗೆ ಗಡಿ ಹಾಕಿ, ಊಟದ ತಟ್ಟೆಯ ಮುಂದೆ ಮತ್ತು ಹಾಸಿಗೆಯಲ್ಲಿ ಫೋನ್ ಇಲ್ಲ ಎಂದು. ಪೂರ್ತಿ ಬಿಡುತ್ತೇನೆ ಎನ್ನುವುದು ಕೆಲಸಕ್ಕೂ ಓದಿಗೂ ಅದೇ ಬೇಕಾಗಿರುವ ಕಾಲದಲ್ಲಿ ನಿಲ್ಲುವುದಿಲ್ಲ.

ಕೆಲವು ಮನೆಗಳ ಲೆಕ್ಕ

ಶುಗರ್ ಇರುವ ಅಮ್ಮನಿಗೆ ಶಿವರಾತ್ರಿ ಬಿಡು ಎನ್ನಬೇಡಿ. ಆ ದಿನಕ್ಕೆ ಉಪವಾಸದ ಜೊತೆ ಪೂಜೆ ಇದೆ, ಜಾಗರಣೆ ಇದೆ. ಡಾಕ್ಟರ ಹತ್ತಿರ ಅವರನ್ನೇ ಕರೆದುಕೊಂಡು ಹೋಗಿ, ಮಾತ್ರೆ ಹೇಗೆ ಎಂದು ಅವರೆದುರೇ ಕೇಳಿ. ಹಾಲು, ಹಣ್ಣು, ಸ್ವಲ್ಪ ಕೋಸಂಬರಿ ಹೊತ್ತು ಹೊತ್ತಿಗೆ ಕೊಡಿ. ಜಾಗರಣೆಯನ್ನು ಮೊದಲ ಯಾಮದ, ಅಂದರೆ ರಾತ್ರಿಯ ಮೊದಲ ಭಾಗದ ಪೂಜೆಗೆ ನಿಲ್ಲಿಸಲು ಒಪ್ಪಿಸಿ.

ರಾತ್ರಿ ಪಾಳಿಯವರಿಗೆ ಸೂರ್ಯಾಸ್ತದ ನಿಯಮ ಆಗುವುದಿಲ್ಲ, ಸಂಕಷ್ಟಿಯೂ ಕಷ್ಟ. ಒಂದು ಪದಾರ್ಥ ಬಿಡುವುದು ಯಾವ ಪಾಳಿಗೂ ಹೊಂದುತ್ತದೆ. ಒಂಟಿಯಾಗಿ ರೂಮು ಮಾಡಿಕೊಂಡು ಇರುವವರಿಗೆ ವಾರದ ಒಪ್ಪತ್ತು ಸುಲಭ, ಯಾರನ್ನೂ ಕೇಳಬೇಕಿಲ್ಲ. ಸಣ್ಣ ಮಗುವಿನ ತಾಯಿ ಈ ವರ್ಷ ಆಹಾರದ ವ್ರತ ಯಾವುದೂ ಮಾಡದೆ ಇದ್ದರೂ ಯಾವ ದೋಷವೂ ಇಲ್ಲ. ಆರೋಗ್ಯ ಇದೆ, ಮನೆಯವರೂ ಜೊತೆಗೂಡುತ್ತಾರೆ, ಆಳವಾಗಿ ಏನಾದರೂ ಮಾಡಬೇಕು ಎನ್ನುವವರು ಏಕಾದಶಿಗೆ ಹೋಗಿ. ಮೊದಲ ಕೆಲವು ಸಲ ನೀರು ಇಟ್ಟುಕೊಂಡು ಮಾಡಿ.

ಯಾವುದನ್ನು ಹಿಡಿದರೂ ಮುಗಿಸುವ ದಿನವನ್ನು ಮೊದಲೇ ಯೋಚಿಸಿಡಿ. ಕೆಡುವುದು ಹೆಚ್ಚಾಗಿ ಅಲ್ಲೇ. ದ್ವಾದಶಿ ಪಾರಣೆಗೆ ಎಷ್ಟೋ ಮನೆಗಳಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿ ಮಾಡುತ್ತಾರೆ. ಮೊದಲು ನೀರು ಕುಡಿದು, ಮೆತ್ತಗಿನ ಅನ್ನ ಸ್ವಲ್ಪ ಉಂಡು, ಕರಿದದ್ದನ್ನು ಮಧ್ಯಾಹ್ನಕ್ಕೆ ಬಿಡಿ. ಇಫ್ತಾರಿನಲ್ಲಿ ಖರ್ಜೂರ, ನೀರು ಆದ ಮೇಲೆ ನಮಾಜಿನಷ್ಟು ಹೊತ್ತು ಬಿಟ್ಟು ಊಟಕ್ಕೆ ಕೂತರೆ ಸಮೋಸದ ಸಂಖ್ಯೆ ತಾನಾಗಿ ಇಳಿಯುತ್ತದೆ. ಶಬರಿಮಲೆಯಿಂದ ಬಂದು ಮಾಲೆ ತೆಗೆಯುವ ದಿನ ಹಳೆಯ ಗೆಳೆಯರ ಪಾರ್ಟಿ ಗೊತ್ತಾಗಿದ್ದರೆ ಆ ತಾರೀಖನ್ನು ಹೊರಡುವ ಮೊದಲೇ ರದ್ದು ಮಾಡಿಸಿ. ಆ ವಾರ ಗುರುಸ್ವಾಮಿಯ ಮನೆಯ ಭಜನೆಗೆ ಹೋಗುವುದನ್ನು ಮುಂದುವರಿಸಿ.